ಕಲೆ ಬೇರೆ, ಕೊಳೆ ಬೇರೆ: ಡಾರ್ಕ್‌ರೂಮ್ ಸಾಮಾನು ತೊಳೆಯುವ ಬಗೆ

ನಮ್ಮ ಸೋದರಮಾವ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಡಿಜಿಟಲ್ ಬಂದ ಮೇಲೆ ಅವರ ಡಾರ್ಕ್‌ರೂಮಿನೊಳಗೆ ಜೆರಾಕ್ಸ್ ಮಷಿನ್ ಬಂದು ಕೂತಿತು. ಟ್ರೇ, ಫಿಲ್ಮ್ ತೊಳೆಯುವ ಟ್ಯಾಂಕು, ಬಾಟಲಿ, ಚಿಮಟ ಎಲ್ಲ ಗೋಣಿಚೀಲ ಸೇರಿ ಅಟ್ಟ ಹತ್ತಿದವು. ಎಷ್ಟೋ ವರ್ಷದ ಮೇಲೆ ನನಗೆ ಫಿಲ್ಮ್ ಹುಚ್ಚು ಹಿಡಿದು ಆ ಚೀಲ ಕೆಳಗಿಳಿಸಿದೆ. ಬಿಚ್ಚಿ ನೋಡಿದರೆ ಬಿಳಿ ಟ್ರೇ ಯಾವುದು, ಬೂದು ಟ್ರೇ ಯಾವುದು ಗೊತ್ತಾಗಲಿಲ್ಲ. ಎಲ್ಲವೂ ಬೆಲ್ಲದ ಬಣ್ಣ.

ಆ ವಾರ ಮಾಡಬಾರದ್ದನ್ನೆಲ್ಲ ಮಾಡಿದೆ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗಿನಿಂದ ಒಂದು ಟ್ರೇಯನ್ನು ಬಲವಾಗಿ ಉಜ್ಜಿದೆ. ಅರ್ಧ ಕಲೆ ಹೋಯಿತು, ಖುಷಿಪಟ್ಟೆ. ಮುಂದಿನ ಸಲ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಹಾಕಿದಾಗ ಆ ಗೀರುಗಳಲ್ಲೆಲ್ಲ ಹೊಸ ಕಂದು ಕೂತು, ಟ್ರೇ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ಗೀಚಿದ ಹಾಗಾಯಿತು. ಆ ಗೀರು ಇವತ್ತಿಗೂ ಹೋಗಿಲ್ಲ. ನೀವು ಹಾಗೆ ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ತೊಳೆಯುವ ಮುಂಚೆ ಒಂದು ಪರೀಕ್ಷೆ

ಒಂದು ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿಕೊಳ್ಳಿ. ಟ್ರೇಯ ತಳ, ಮೂಲೆ, ಅಂಚು ಮೂರೂ ಕಡೆ ಒತ್ತಿ ಒರೆಸಿ, ಬಟ್ಟೆ ನೋಡಿ. ಬಟ್ಟೆಗೆ ಏನೂ ಅಂಟದೇ ಇದ್ದರೆ ಅದು ಕಲೆ. ಪ್ಲಾಸ್ಟಿಕ್ಕಿನೊಳಗೆ ಇಳಿದು ಕೂತಿದೆ, ಎದ್ದು ಬರುವುದಿಲ್ಲ, ನಿಮ್ಮ ಪ್ರಿಂಟಿಗೆ ಏನೂ ಮಾಡುವುದಿಲ್ಲ. ಬಟ್ಟೆಗೆ ಕಪ್ಪು, ಕಂದು, ಬಿಳಿ ಏನಾದರೂ ಅಂಟಿತೋ, ಅದು ಕೊಳೆ. ಅದೇ ನಿಮ್ಮ ಶತ್ರು. ಇವತ್ತು ಬಟ್ಟೆಗೆ ಅಂಟಿದ್ದು ನಾಳೆ ನೆಗೆಟಿವ್‌ಗೆ ಅಂಟುತ್ತದೆ.

ನಾನು ಮಾವನ ಡೆವಲಪರ್ ಟ್ರೇಯ ಒಂದು ಕಲೆಯನ್ನು ಬೇಕಂತಲೇ ಬಿಟ್ಟಿದ್ದೇನೆ. ಒಳಗೋಡೆಯ ಸುತ್ತ ಎರಡು ಬೆರಳೆತ್ತರದಲ್ಲಿ ಒಂದು ಕಂದು ಗೆರೆ. ವರ್ಷಗಟ್ಟಲೆ ಅವರು ಅಲ್ಲಿಯವರೆಗೇ ದ್ರಾವಣ ಹಾಕುತ್ತಿದ್ದರು. ಅಳೆದು ನೋಡಿದೆ, ಸರಿಯಾಗಿ ಒಂದು ಲೀಟರ್. ಈಗ ನನಗೂ ಅದೇ ಅಳತೆ.

ಕೊಳೆ ಅಂತ ಗೊತ್ತಾದ ಮೇಲೆ ಅದು ಯಾವ ಕೊಳೆ ಅಂತ ನೋಡಬೇಕು. ಒಂದೊಂದಕ್ಕೂ ಬೇರೆ ಮದ್ದು. ಡೆವಲಪರ್ ಟ್ರೇಯ ಕಂದು ಅಂದರೆ ಗಾಳಿಗೆ ಕೆಟ್ಟ ಹೈಡ್ರೋಕ್ವಿನೋನ್ ಮತ್ತು ಮೆಟಾಲ್, ಡೆವಲಪರಿನಲ್ಲಿ ಚಿತ್ರ ಮೂಡಿಸುವ ಕೆಮಿಕಲ್‌ಗಳು. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ ಅಲ್ವಾ, ಇದೂ ಹೆಚ್ಚುಕಮ್ಮಿ ಅದೇ ರೀತಿ. ನಮ್ಮೂರಿನಲ್ಲಿ ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಟ್ರೇಯಲ್ಲಿ ಬಿಟ್ಟ ಡೆವಲಪರ್ ಕಂದಾಗುವುದಕ್ಕೆ ಚಳಿ ಊರಿನವರು ಹೇಳುವಷ್ಟು ಹೊತ್ತು ಬೇಡ. ಬಾಟಲಿ, ಟ್ಯಾಂಕಿನ ಒಳಗೆ ಕನ್ನಡಿಯಂತೆ ಹೊಳೆಯುವ ಅಥವಾ ಮಸಿಯಂತೆ ಕಾಣುವ ಕಪ್ಪು ಪದರ ಇದ್ದರೆ ಅದು ಬೆಳ್ಳಿ. ಹೌದು, ಫಿಲ್ಮಿನಿಂದ ಬಿಟ್ಟ ನಿಜವಾದ ಬೆಳ್ಳಿ, ಮಾರುವಷ್ಟು ಇರುವುದಿಲ್ಲ ಅಷ್ಟೇ. ಬಿಳಿ, ಒರಟು ಪೊರೆ ಇದ್ದರೆ ಅದು ಬೋರ್ ನೀರಿನ ಸುಣ್ಣ. ಹೈಪೋ, ಅಂದರೆ ಫಿಲ್ಮಿನಲ್ಲಿ ಉಳಿದ ಬೆಳ್ಳಿಯ ಉಪ್ಪನ್ನು ಕರಗಿಸಿ ತೆಗೆಯುವ ಫಿಕ್ಸರ್, ಅದರ ಬಾಟಲಿಯ ತಳದಲ್ಲಿ ತಿಳಿ ಹಳದಿ ಪುಡಿ ಇದ್ದರೆ ಗಂಧಕ. ಜಾರುವ ಲೋಳೆ ಇದ್ದರೆ ಫಿಲ್ಮ್, ಪೇಪರ್‌ನಿಂದ ಬಿಟ್ಟ ಜೆಲಾಟಿನ್, ಮೇಲೆ ಸ್ವಲ್ಪ ಪಾಚಿ.

ಕೈಗೆ, ಮೂಗಿಗೆ

ಇದನ್ನು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಮಾಡಬೇಡಿ. ಅಂಗಳದಲ್ಲೋ ತಾರಸಿ ಮೇಲೋ ಮಾಡಿ. ರಬ್ಬರ್ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ನಮ್ಮ ಮಾವ ಬರಿಗೈಯಲ್ಲೇ ಕೆಲಸ ಮಾಡಿ ಬೆರಳ ಸಂದಿ ಒಡೆದು, ಊಟಕ್ಕೆ ಕೂತಾಗ ಸಾರಿನ ಖಾರ ತಾಗಿ ಚುರ್ ಅನ್ನುತ್ತಿತ್ತು. ಒಮ್ಮೆ ಮೈಗೆ ಒಗ್ಗದೇ ಹೋದರೆ ಆಮೇಲೆ ಚೂರು ತಾಗಿದರೂ ತುರಿಕೆ ಏಳುತ್ತದೆ. ಅಡುಗೆಮನೆಯ ಚಮಚ, ಲೋಟ ಯಾವುದನ್ನೂ ತರಬೇಡಿ. ತಂದರೆ ಅದು ಮತ್ತೆ ಅಡುಗೆಮನೆಗೆ ಹೋಗಬಾರದು. ನಮ್ಮಮ್ಮ ಈ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟು.

ಇನ್ನು ಮಿಕ್ಸಿಂಗ್ ವಿಷಯ. ಒಂದು ದಿನ ಟ್ರೇಗೆ ಬ್ಲೀಚ್ ಹಾಕಿ, ಪೂರ್ತಿ ತೊಳೆಯದೇ, ಅದರ ಮೇಲೇ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದೆ. ಎರಡು ಸೇರಿದರೆ ಬೇಗ ಬೆಳ್ಳಗಾಗುತ್ತದೆ ಅನ್ನುವ ಜಾಣತನ. ಹಸಿರು ಹಳದಿ ಹೊಗೆ ಎದ್ದಿತು, ಎದೆ ಹಿಡಿದಂತಾಗಿ ಹೊರಗೆ ಓಡಿದೆ. ಅದು ಕ್ಲೋರಿನ್ ಗಾಳಿ, ಯುದ್ಧದಲ್ಲಿ ಜನರನ್ನು ಕೊಲ್ಲಲು ಬಳಸಿದ್ದು. ಆದ್ದರಿಂದ ಬ್ಲೀಚಿನ ಜೊತೆ ಯಾವ ಆಸಿಡ್ಡೂ ಬೇಡ, ವಿನೆಗರ್, ನಿಂಬೆ ಉಪ್ಪು ಕೂಡ ಬೇಡ. ಹೈಪೋ ಮೆತ್ತಿದ ಟ್ರೇಗೂ ಬ್ಲೀಚ್ ಬೇಡ, ಮೊದಲು ಚೆನ್ನಾಗಿ ತೊಳೆಯಬೇಕು. ಟಾಯ್ಲೆಟ್ ಆಸಿಡ್ಡಿನಲ್ಲಿ ಇರುವುದು ಹೈಡ್ರೋಕ್ಲೋರಿಕ್. ಅದನ್ನು ಮುಂದೆ ಹೇಳುವ ನೇರಳೆ ನೀರಿಗೂ ಸೇರಿಸಬಾರದು, ಅಲ್ಲೂ ಕ್ಲೋರಿನ್ನೇ ಏಳುತ್ತದೆ.

ಹೆಸರಿನ ಗೊಂದಲವೂ ಒಂದಿದೆ. ನಮ್ಮ ಹೈಪೋ ಅಂದರೆ ಥಯೋಸಲ್ಫೇಟ್, ಫಿಕ್ಸರ್. ಕೊರೊನಾ ಕಾಲದಲ್ಲಿ ಓಣಿ ಓಣಿಗೆ ಹೊಡೆದ ಹೈಪೋ ಅಂದರೆ ಹೈಪೋಕ್ಲೋರೈಟ್, ಬ್ಲೀಚ್. ಅಂಗಡಿಯಲ್ಲಿ ಸುಮ್ನೆ ಹೈಪೋ ಕೊಡಿ ಅಂದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. ಪೂರ್ತಿ ಹೆಸರು ಹೇಳಿ ತನ್ನಿ.

ಮೊದಲ ಸುತ್ತು: ಸೋಡಾ, ನಿಂಬೆ ಉಪ್ಪು

ಎಷ್ಟೇ ಹಳೇ ಟ್ರೇ ಇರಲಿ, ನೇರವಾಗಿ ಘಾಟು ಕೆಮಿಕಲ್‌ಗೆ ಹೋಗಬೇಡಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ ಟ್ರೇ ತುಂಬಿಸಿ, ಅರ್ಧ ಗಂಟೆ ಬಿಡಿ. ಲೋಳೆ, ಜೆಲಾಟಿನ್, ಅಟ್ಟದ ಧೂಳು ಇದರಲ್ಲೇ ಬಿಟ್ಟುಕೊಳ್ಳುತ್ತವೆ. ಮೃದು ಸ್ಪಾಂಜಿನಿಂದ ಒರೆಸಿ ತೊಳೆಯಿರಿ. ನೀರು ಕಾಯಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಸಿಂಟೆಕ್ಸ್ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಸಾಕು. ಕುದಿಯುವ ನೀರಂತೂ ಬೇಡವೇ ಬೇಡ, ಟ್ರೇ ಸೊಟ್ಟಗಾಗುತ್ತದೆ.

ಬಿಳಿ ಪೊರೆ ಇದ್ದರೆ ಮುಂದಿನದು ನಿಂಬೆ ಉಪ್ಪು. ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್. ಲೀಟರಿಗೆ 20ರಿಂದ 30 ಗ್ರಾಂ. ಹಾಕಿದ ಕೂಡಲೇ ಸುಣ್ಣದ ಮೇಲೆ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ಗುಳ್ಳೆ ನಿಂತರೆ ಕೆಲಸ ಮುಗಿಯಿತು ಅಂತ, ಅಥವಾ ಹುಳಿ ತೀರಿತು ಅಂತ. ಒರಟು ಇನ್ನೂ ಇದ್ದರೆ ಹೊಸ ನೀರು ಮಾಡಿ ಇನ್ನೊಮ್ಮೆ ಹಾಕಿ. ನಮ್ಮ ಕಡೆ ನಲ್ಲಿಯಲ್ಲಿ ಬರುವ ತುಂಗಭದ್ರೆಯ ನೀರಿಗೆ ಇಷ್ಟು ಪೊರೆ ಕೂರುವುದಿಲ್ಲ. ಆದರೆ ನಲ್ಲಿ ನೀರು ದಿನಾ ಎಲ್ಲಿ ಬರುತ್ತದೆ? ನಡುವೆ ಬೋರ್ ನೀರೇ ಗತಿ. ಹಾಗಾಗಿ ತೊಳೆಯುವುದಕ್ಕೆ ಬೋರ್ ನೀರು ಬಳಸಿದರೂ, ಕೊನೆಯ ಒಂದು ಚೊಂಬು ಕುಡಿಯುವ ನೀರು ಹಾಕಿ. ಪೊರೆ ಕೂರುವುದೇ ಆ ಕೊನೆಯ ಹನಿ ಒಣಗಿದಾಗ.

ಹೈಪೋ ಇದ್ದ ಪಾತ್ರೆಗೆ ನಿಂಬೆ ಉಪ್ಪು ಹಾಕುವ ಮುಂಚೆ ನೀರಿನಲ್ಲಿ ಚೆನ್ನಾಗಿ ತೊಳೆದಿರಬೇಕು. ಇಲ್ಲದಿದ್ದರೆ ಹುಳಿ ತಾಗಿ ಹೈಪೋ ಒಡೆದು, ನೀರು ಹಾಲಿನಂತಾಗಿ, ಗಂಧಕದ ಪುಡಿ ಇಳಿಯುತ್ತದೆ. ಒಂದು ಕೊಳೆ ತೆಗೆಯಲು ಹೋಗಿ ಇನ್ನೊಂದನ್ನು ಹಚ್ಚಿದ ಹಾಗೆ.

ಇಷ್ಟಾದ ಮೇಲೆ ಬಿಳಿ ಬಟ್ಟೆಯ ಪರೀಕ್ಷೆ ಮತ್ತೆ ಮಾಡಿ. ನನ್ನ ಏಳು ಟ್ರೇಗಳಲ್ಲಿ ನಾಲ್ಕು ಇಲ್ಲಿಗೇ ಪಾಸಾದವು. ಬಣ್ಣ ಕಂದೇ ಇತ್ತು, ಬಟ್ಟೆಗೆ ಮಾತ್ರ ಏನೂ ಅಂಟಲಿಲ್ಲ. ಅವನ್ನು ಅಲ್ಲಿಗೇ ಬಿಟ್ಟೆ.

ಕಂದು ಹೋಗಲೇಬೇಕು ಅಂದರೆ

ಹೊಸದಾಗಿ ಹತ್ತಿದ ಕಂದಿಗೆ ಬ್ಲೀಚ್ ಸಾಕು. ಅಂಗಡಿಯ ಹೈಪೋಕ್ಲೋರೈಟ್ ಬ್ಲೀಚ್ ಒಂದು ಪಾಲು, ನೀರು ಹತ್ತು ಪಾಲು. ಒಂದು ಗಂಟೆ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಪ್ಲಾಸ್ಟಿಕ್ ಮತ್ತು ಗಾಜಿಗೆ ಮಾತ್ರ ಇದು. ಸ್ಟೀಲ್ ಟ್ಯಾಂಕು, ಅದರೊಳಗೆ ಫಿಲ್ಮ್ ಸುತ್ತಿಡುವ ಸ್ಟೀಲ್ ರೀಲಿಗೆ ಹಾಕಿದರೆ ಸೂಜಿಮೊನೆಯಂಥ ತೂತು ಬೀಳುತ್ತವೆ.

ವರ್ಷಗಟ್ಟಲೆ ಕೂತ ಕಂದಿಗೂ ಕಪ್ಪು ಬೆಳ್ಳಿಗೂ ಬ್ಲೀಚ್ ಮಣಿಯುವುದಿಲ್ಲ. ಅದಕ್ಕೆ ಬೇಕಾದ ಮದ್ದು ನನಗೆ ಸಿಕ್ಕಿದ್ದು ಫೋಟೋ ಅಂಗಡಿಯಲ್ಲಲ್ಲ, ಜೀನ್ಸ್ ತೊಳೆಯುವ ಜಾಗದಲ್ಲಿ.

ಬಳ್ಳಾರಿ ಜೀನ್ಸ್ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಓಣಿಯ ಹುಡುಗನೊಬ್ಬ ವಾಷಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಊಟದ ಡಬ್ಬಿ ಕೊಡಲು ಒಮ್ಮೆ ಹೋಗಿದ್ದೆ. ಬಲೂನಿನಂಥ ಗೊಂಬೆಗೆ ಹೊಸ ಪ್ಯಾಂಟು ತೊಡಿಸಿ, ಗಾಳಿ ತುಂಬಿ ಉಬ್ಬಿಸಿ, ತೊಡೆಯ ಮೇಲೆ ಸ್ಪ್ರೇ ಹೊಡೆಯುತ್ತಿದ್ದ. ಹೊಡೆದಾಗ ನೇರಳೆ. ನೋಡನೋಡುತ್ತ ಇಟ್ಟಿಗೆಯ ಕಂದು. ಆಮೇಲೆ ಇನ್ನೊಂದು ನೀರಿನಲ್ಲಿ ಅದ್ದಿ ಎತ್ತಿದ. ಕಂದು ಮಾಯ, ಕೆಳಗೆ ತಿಳಿಬಿಳಿ ತೊಡೆ, ವರ್ಷಗಟ್ಟಲೆ ಉಟ್ಟು ಸವೆದ ಹಾಗೆ.

"ಇದೇನಪ್ಪಾ?" ಅಂದೆ.

"ಇದಕ್ಕ ಪಿಪಿ ಅಂತೀವಿ ಅಣ್ಣಾ. ಬಾವಿಗೆ ಹಾಕ್ತಾರಲ್ಲ ನೇರಳೆ ಪುಡಿ, ಅದಾ. ಹಿಂದ ಮೆಟಾ ನೀರಾಗ ತೆಗೀಲಿಲ್ಲ ಅಂದ್ರ ಕಂದು ಹೋಗಂಗಿಲ್ಲ ನೋಡು."

ಪಿಪಿ ಅಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್. ಮೆಟಾ ಅಂದರೆ ಸೋಡಿಯಂ ಮೆಟಾಬೈಸಲ್ಫೈಟ್. ಮನೆಗೆ ಬಂದು ಹಳೇ ಸೂತ್ರಗಳನ್ನು ತೆಗೆದು ನೋಡಿದರೆ, ಕೋಡಾಕ್‌ನವರು ಟ್ರೇ ತೊಳೆಯಲು ಕೊಟ್ಟ ಟಿಸಿ-3 ಸೂತ್ರದಲ್ಲೂ ಇದೇ ಜೋಡಿ. ಜೀನ್ಸಿನ ನೀಲಿ ತೆಗೆಯುವುದೂ ಟ್ರೇಯ ಕಂದು ತೆಗೆಯುವುದೂ ಒಂದೇ ವಿದ್ಯೆ. ನಮ್ಮೂರಿನವರಿಗೆ ಗೊತ್ತಿದ್ದದ್ದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ಸೂತ್ರ ಹೀಗಿದೆ. ಮೊದಲ ನೀರು: ಒಂದು ಲೀಟರಿಗೆ ಪರ್ಮಾಂಗನೇಟ್ 2 ಗ್ರಾಂ, ಗಟ್ಟಿ ಸಲ್ಫ್ಯೂರಿಕ್ ಆಸಿಡ್ 4 ಮಿ.ಲೀ. ಎರಡನೇ ನೀರು: ಒಂದು ಲೀಟರಿಗೆ ಸೋಡಿಯಂ ಬೈಸಲ್ಫೈಟ್ 30 ಗ್ರಾಂ, ಸೋಡಿಯಂ ಸಲ್ಫೈಟ್ 30 ಗ್ರಾಂ. ನಾನು ಎರಡನೆಯದಕ್ಕೆ ಬರೀ ಮೆಟಾಬೈಸಲ್ಫೈಟ್ 30 ಗ್ರಾಂ ಹಾಕುತ್ತೇನೆ, ಕೆಲಸ ಆಗುತ್ತದೆ.

ಗಟ್ಟಿ ಆಸಿಡ್ ಹುಡುಕಿಕೊಂಡು ಹೋಗಬೇಡಿ. ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಅದರ ಚಿಲ್ಲರೆ ಮಾರಾಟಕ್ಕೆ ಕಟ್ಟುಪಾಡು ಹಾಕಿದೆ, ಮತ್ತು ಮನೆಯಲ್ಲಿ ಇಟ್ಟುಕೊಳ್ಳುವಂಥ ವಸ್ತುವೂ ಅಲ್ಲ ಅದು. ಬ್ಯಾಟರಿಗೆ ತುಂಬುವ ತಯಾರು ಆಸಿಡ್‌ನಲ್ಲಿ ಸಲ್ಫ್ಯೂರಿಕ್ ಇರುವುದು ತೂಕದ ಸುಮಾರು ಮೂರನೇ ಒಂದು ಪಾಲು. ಅದನ್ನು 17 ಮಿ.ಲೀ. ಹಾಕಿದರೆ 4 ಮಿ.ಲೀ. ಗಟ್ಟಿ ಆಸಿಡ್ಡಿಗೆ ಸರಿಹೋಗುತ್ತದೆ. ಇದೂ ಚರ್ಮ ಸುಡುತ್ತದೆ, ಬಟ್ಟೆ ತೂತು ಮಾಡುತ್ತದೆ, ಎಚ್ಚರ ಬೇಕು. 2 ಗ್ರಾಂ ತೂಗಲು ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು.

ಈಗ ಕ್ರಮ. ಇಲ್ಲಿ ಹಿಂದುಮುಂದು ಮಾಡಬಾರದು.

1. ಟ್ರೇ ಸೋಡಾ, ನಿಂಬೆ ಉಪ್ಪು, ಬ್ಲೀಚ್ ಏನೇ ಕಂಡಿದ್ದರೂ ಐದಾರು ನೀರು ತೊಳೆದಿರಬೇಕು. ನಿಂಬೆ ಉಪ್ಪು ಉಳಿದಿದ್ದರೆ ಪರ್ಮಾಂಗನೇಟ್ ಟ್ರೇಯ ಕಲೆಯ ಬದಲು ಆ ಉಪ್ಪನ್ನೇ ತಿಂದು ಮುಗಿಯುತ್ತದೆ. ಬ್ಲೀಚ್ ಉಳಿದಿದ್ದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ.

2. ಪ್ಲಾಸ್ಟಿಕ್ ಜಗ್ಗಿನಲ್ಲಿ ಮುಕ್ಕಾಲು ಲೀಟರ್ ಬೆಚ್ಚಗಿನ ನೀರು ತೆಗೆದುಕೊಂಡು ಪರ್ಮಾಂಗನೇಟ್ ಹಾಕಿ ತಿರುವಿ. ಹರಳು ಬೇಗ ಕರಗುವುದಿಲ್ಲ, ತಳದಲ್ಲಿ ಕೂತು ಕರಗಿದ ಹಾಗೆ ನಟಿಸುತ್ತದೆ. ಹತ್ತು ನಿಮಿಷ ಕೊಡಿ.

3. ಪೂರ್ತಿ ಕರಗಿದ ಮೇಲೆ, ತಿರುವುತ್ತ, ಆಸಿಡ್ಡನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡಿ. ನೀರನ್ನು ಆಸಿಡ್ಡಿಗೆ ಹಾಕಬಾರದು. ಒಣ ಪರ್ಮಾಂಗನೇಟ್ ಪುಡಿಗೆ ಆಸಿಡ್ ನೇರವಾಗಿ ತಾಗಲೇಬಾರದು, ಬೆಂಕಿ ಹತ್ತಬಹುದು, ಸಿಡಿಯಬಹುದು. ಆಮೇಲೆ ನೀರು ಸೇರಿಸಿ ಲೀಟರ್ ಮಾಡಿ.

4. ಟ್ರೇಗೆ ಸುರಿದು, ಎಲ್ಲ ಮೂಲೆಗೂ ಹೋಗುವ ಹಾಗೆ ವಾಲಿಸಿ. ಐದರಿಂದ ಹತ್ತು ನಿಮಿಷ ಬಿಡಿ. ನೇರಳೆ ಇರುವವರೆಗೆ ಅದಕ್ಕೆ ಜೀವ ಇದೆ. ಕಂದು ಮಣ್ಣು ನೀರಿನಂತಾದರೆ ಮುಗಿಯಿತು.

5. ಒಂದು ಡಬ್ಬಕ್ಕೆ ಸುರಿದುಕೊಳ್ಳಿ, ಟ್ರೇಯನ್ನು ನೀರಲ್ಲಿ ಜಾಲಿಸಿ. ಈಗ ಟ್ರೇ ಮೊದಲಿಗಿಂತ ಹೆಚ್ಚು ಕಂದಾಗಿ ಕಾಣಬಹುದು. ಗಾಬರಿಯಾಗಬೇಡಿ. ಅದು ಹಳೇ ಕಲೆಯಲ್ಲ, ಮ್ಯಾಂಗನೀಸ್ ಡೈಆಕ್ಸೈಡ್, ಜೀನ್ಸಿನ ತೊಡೆಯ ಮೇಲೆ ಕಂಡ ಅದೇ ಕಂದು.

6. ಎರಡನೇ ನೀರು ಸುರಿಯಿರಿ. ಈ ಕ್ಷಣ ನೋಡುವುದಕ್ಕೇ ನಾನು ಕಾಯುತ್ತಿರುತ್ತೇನೆ. ನೀರು ಹರಿದ ದಾರಿಯಲ್ಲಿ ಕಂದು ಕರಗುತ್ತ, ಹಿಂದೆಯೇ ಬಿಳಿ ಏಳುತ್ತ ಹೋಗುತ್ತದೆ. ಮುಖ ಮಾತ್ರ ಹತ್ತಿರ ತರಬೇಡಿ. ಬೆಂಕಿಕಡ್ಡಿ ಗೀರಿದಾಗಿನ ಘಾಟು ಏಳುತ್ತದೆ. ಅಸ್ತಮಾ ಇರುವವರು ಈ ಕೆಲಸ ಬೇರೆಯವರಿಗೆ ಕೊಡಿ.

7. ಹತ್ತು ನೀರು ತೊಳೆಯಿರಿ.

ಇಷ್ಟಾದ ಮೇಲೂ ಎಲ್ಲಾದರೂ ಹಾಲು ಚೆಲ್ಲಿದಂಥ ಮಬ್ಬು ಉಳಿದರೆ ಅದು ಬೆಳ್ಳಿಯ ಕ್ಲೋರೈಡ್. ಪರ್ಮಾಂಗನೇಟ್ ಬೆಳ್ಳಿಯನ್ನು ಕರಗಿಸಿತ್ತು, ನೀರಿನ ಉಪ್ಪು ಅದನ್ನು ಹಿಡಿದು ಮತ್ತೆ ಕೂರಿಸಿತು. ಅದರ ಮೇಲೆ ಸ್ವಲ್ಪ ಫಿಕ್ಸರ್ ಆಡಿಸಿದರೆ ಹೋಗುತ್ತದೆ. ಫಿಕ್ಸರ್ ಇರುವುದೇ ಅದಕ್ಕಲ್ವಾ.

ಮಾಡಿದ ನೇರಳೆ ನೀರನ್ನು ಎತ್ತಿಡಬೇಡಿ. ಆಸಿಡ್ ಸೇರಿದ ಮೇಲೆ ಅದು ಉಳಿಯುವುದಿಲ್ಲ, ಮುಚ್ಚಿದ ಬಾಟಲಿಯಲ್ಲಿ ಗಾಳಿ ಕಟ್ಟಿಕೊಳ್ಳಬಹುದು. ಅಂದಿನದು ಅಂದಿಗೆ. ಕೈಗೆ ತಾಗಿ ಬೆರಳು ಕಂದಾದರೆ ನಿಂಬೆಹಣ್ಣಿನ ಹೋಳು ತಿಕ್ಕಿ.

ಹಳೇ ಸ್ಟುಡಿಯೋದವರು ಇದಕ್ಕಿಂತ ಜೋರಾದ ಇನ್ನೊಂದು ಸೂತ್ರ ಬಳಸುತ್ತಿದ್ದರು, ಕಿತ್ತಳೆ ಬಣ್ಣದ ಡೈಕ್ರೋಮೇಟ್ ಮತ್ತು ಆಸಿಡ್. ಕಲೆಯೇನೋ ಹೋಗುತ್ತದೆ. ಆದರೆ ಅದರೊಳಗಿನ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಹಳೇ ಕಪಾಟಿನಲ್ಲಿ ಕಿತ್ತಳೆ ಹರಳಿನ ಬಾಟಲಿ ಸಿಕ್ಕರೆ ಬಿಚ್ಚಬೇಡಿ, ಚರಂಡಿಗೂ ಸುರಿಯಬೇಡಿ. ಕೆಮಿಸ್ಟ್ರಿ ಲ್ಯಾಬ್ ಇರುವ ಕಾಲೇಜಿನವರನ್ನು ಕೇಳಿ, ಅವರಿಗೆ ಇಂಥದ್ದನ್ನು ವಿಲೇವಾರಿ ಮಾಡುವ ದಾರಿ ಇದ್ದರೆ ಅವರಿಗೇ ಕೊಡಿ.

ರೀಲು, ಟ್ಯಾಂಕು

ಟ್ಯಾಂಕಿನ ಒಳಗಿನ ಕಂದನ್ನು ಮರೆತುಬಿಡಿ. ಕತ್ತಲಲ್ಲಿ ಇರುವ ಕಪ್ಪು ಡಬ್ಬಿ, ಯಾರು ನೋಡುತ್ತಾರೆ. ಮುಚ್ಚಳದ ರಬ್ಬರ್, ಕೊಳವೆಯ ಸಂದಿ ಮಾತ್ರ ಟೂತ್‌ಬ್ರಶ್ಶಿನಲ್ಲಿ ತಿಕ್ಕಿ. ಅಲ್ಲಿ ಒಣಗಿದ ಹೈಪೋ ಹರಳು ಕೂತಿರುತ್ತದೆ.

ರೀಲ್ ವಿಷಯ ಹಾಗಲ್ಲ. ಪ್ಲಾಸ್ಟಿಕ್ ರೀಲಿಗೆ ಫಿಲ್ಮ್ ಏರದೇ ಅರ್ಧದಲ್ಲಿ ಕಚ್ಚಿಕೊಳ್ಳುತ್ತದಲ್ಲ, ಕತ್ತಲೆಯಲ್ಲಿ ಬೆವರುತ್ತ ದೇವರನ್ನೆಲ್ಲ ನೆನೆಯುತ್ತೀರಲ್ಲ, ಅದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಕಾಲುವೆಯೊಳಗೆ ಅಂಟಿದ ಜೆಲಾಟಿನ್ ಮತ್ತು ಕೊನೆಗೆ ಹಾಕುವ ವೆಟ್ಟಿಂಗ್ ಏಜೆಂಟ್. ಆ ಸೋಪಿನಂಥ ನೀರು ಒಣಗಿದರೆ ಅಂಟು. ರೀಲನ್ನು ಎರಡು ಹೋಳಾಗಿ ಬಿಚ್ಚಿ, ವಾಷಿಂಗ್ ಸೋಡಾ ಹಾಕಿದ ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಳೇ ಟೂತ್‌ಬ್ರಶ್ ತೆಗೆದುಕೊಂಡು ಹೊರಗಿನ ಸುತ್ತಿನಿಂದ ಒಳಗಿನ ಸುತ್ತಿಗೆ ಕಾಲುವೆ ಹಿಡಿದು ಹೋಗಿ. ಫಿಲ್ಮ್ ಹಿಡಿಯುವ ಪುಟ್ಟ ಸ್ಟೀಲ್ ಗುಂಡು ಅಲ್ಲಾಡುತ್ತದಾ ನೋಡಿ. ಅಲ್ಲಾಡದಿದ್ದರೆ ಅದರ ಗೂಡಿನಲ್ಲೂ ಅಂಟು ತುಂಬಿದೆ, ಇನ್ನೊಮ್ಮೆ ನೆನೆಸಿ.

ಇನ್ನು ಮುಂದೆ ವೆಟ್ಟಿಂಗ್ ಏಜೆಂಟಿಗೆ ರೀಲ್ ಅದ್ದಬೇಡಿ. ಫಿಲ್ಮ್ ಬಿಚ್ಚಿಕೊಂಡು ಬೇರೆ ಬೋಗುಣಿಯಲ್ಲಿ ಅದ್ದಿ. ಇದೊಂದು ಅಭ್ಯಾಸ ಮಾಡಿಕೊಂಡರೆ ಈ ತೊಳೆಯುವ ಕೆಲಸ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ತೊಳೆದ ರೀಲ್ ಚೂರೂ ತೇವ ಇಲ್ಲದೆ ಒಣಗಬೇಕು. ಈ ಒಂದು ವಿಷಯಕ್ಕೆ ನಮ್ಮೂರ ಹವೆ ಉಪಕಾರಿ, ನೆರಳಲ್ಲಿಟ್ಟರೂ ಅರ್ಧ ಗಂಟೆ ಸಾಕು. ಆದರೆ ಮುಚ್ಚದೆ ಇಡಬೇಡಿ. ಅದಿರು ಲಾರಿ ಓಡಾಡುವ ದಾರಿಯ ಪಕ್ಕ ಮನೆ ಇರುವವರಿಗೆ ಗೊತ್ತು, ಬೆಳಿಗ್ಗೆ ಒರೆಸಿದ ಕಟ್ಟೆ ಸಂಜೆಗೆ ಕೆಂಪು. ತೆಳುವಾದ ಪಂಚೆ ಬಟ್ಟೆಯಲ್ಲಿ ಸುತ್ತಿ ತೂಗುಹಾಕಿ.

ಬಾಟಲಿ

ಇದನ್ನು ನಾನು ಅಸಡ್ಡೆ ಮಾಡಿದ್ದೆ. ಹುಲಿಗಿ ಜಾತ್ರೆಯಲ್ಲಿ ತೆಗೆದ ಒಂದು ರೋಲ್, ಮಾವನ ಹಳೇ ಬಾಟಲಿಯಲ್ಲಿಟ್ಟ ಡಿ-76 ಡೆವಲಪರಿನಲ್ಲಿ ತೊಳೆದೆ. ಒಣಗಿಸಿ ಬೆಳಕಿಗೆ ಹಿಡಿದರೆ ಪ್ರತಿ ಫ್ರೇಮಿನಲ್ಲೂ ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆ. ಬೆರಳಾಡಿಸಿದರೆ ಕೈಗೆ ತಾಗುತ್ತಿತ್ತು. ಒಂದು ಅಜ್ಜಿ ತಲೆ ಮೇಲೆ ಬುಟ್ಟಿ ಹೊತ್ತ ಚಿತ್ರ ಚೆನ್ನಾಗಿ ಬಂದಿತ್ತು. ಪ್ರಿಂಟ್ ಮಾಡಿದರೆ ಅಜ್ಜಿಯ ಮುಖದ ಮೇಲೆಲ್ಲ ಬಿಳಿ ಚುಕ್ಕೆ, ಸಿಡುಬು ಎದ್ದ ಹಾಗೆ.

ಬಾಟಲಿಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗೋಡೆಯಿಂದ ಬೆಳ್ಳಿಯ ಪದರ ಕರಿ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಒಂದೇ ಡೆವಲಪರನ್ನು ಮತ್ತೆ ಮತ್ತೆ ಬಳಸಿದರೆ ಹೀಗಾಗುತ್ತದೆ. ಅದರಲ್ಲಿರುವ ಸಲ್ಫೈಟ್ ಫಿಲ್ಮಿನ ಬೆಳ್ಳಿಯನ್ನು ಸ್ವಲ್ಪ ಕರಗಿಸಿಕೊಳ್ಳುತ್ತದೆ, ಬಾಟಲಿಯಲ್ಲಿ ಕೂತಾಗ ಅದು ಗೋಡೆಗೆ ಹತ್ತುತ್ತದೆ.

ಬಾಟಲಿಯೊಳಗೆ ಬ್ರಶ್ ಹೋಗುವುದಿಲ್ಲ. ಒಂದು ಹಿಡಿ ಅಕ್ಕಿ, ಅರ್ಧ ಬಾಟಲಿ ಸೋಡಾ ನೀರು ಹಾಕಿ, ಮುಚ್ಚಳ ಬಿಗಿದು, ಐದು ನಿಮಿಷ ಕುಲುಕಿ. ಉದುರುವುದೆಲ್ಲ ಉದುರಲಿ. ಅಕ್ಕಿ ಎಸೆದುಬಿಡಿ, ಕೋಳಿಗೆ ಹಾಕಬೇಡಿ. ಉಳಿದ ಕಪ್ಪಿಗೆ ಮೇಲಿನ ನೇರಳೆ ನೀರು. ಅದು ಒಳಗಿರುವಾಗ ಮುಚ್ಚಳ ಹಾಕಬೇಡಿ. ಆಮೇಲೆ ಬಿಳಿ ಬಟ್ಟೆಯ ಮೂಲಕ ಒಂದು ಬಾಟಲಿ ನೀರು ಸೋಸಿ ನೋಡಿ, ಚುಕ್ಕೆ ಬಿದ್ದರೆ ಆ ಬಾಟಲಿಗೆ ಕೈಮುಗಿದು ಹೊಸದು ತನ್ನಿ. ನಾನು ಆರು ಬಾಟಲಿಗಳಲ್ಲಿ ಎರಡನ್ನು ಉಳಿಸಿಕೊಂಡೆ. ಬಾಟಲಿಯ ಬೆಲೆ ಒಂದು ರೋಲ್ ಫಿಲ್ಮಿನ ಮುಂದೆ ಏನೂ ಅಲ್ಲ.

ಉಳಿದ ಸಣ್ಣಪುಟ್ಟವು

ಚಿಮಟದ ತುದಿಯ ರಬ್ಬರ್ ತೆಗೆದು ಒಳಗೆ ನೋಡಿ, ಅಲ್ಲಿ ಹೈಪೋ ಹೆಪ್ಪುಗಟ್ಟಿರುತ್ತದೆ. ಬಿದಿರಿನ ಚಿಮಟ ಒಳಗಿನವರೆಗೆ ಕಂದಾಗಿದ್ದರೆ ಎಸೆಯಿರಿ, ಬಿದಿರು ಹೀರಿದ್ದನ್ನು ಬಿಡುವುದಿಲ್ಲ. ಡೆವಲಪರಿನ ಚಿಮಟಕ್ಕೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ, ಅದು ಹೈಪೋ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಥರ್ಮಾಮೀಟರಿಗೆ ನೇರಳೆ ನೀರು ಬೇಡ, ಗೆರೆಯ ಬಣ್ಣವೇ ಹೋಗಬಹುದು, ನಿಂಬೆ ಉಪ್ಪಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎನಾಮಲ್ ಟ್ರೇಯಲ್ಲಿ ಚಕ್ಕೆ ಎದ್ದು ತುಕ್ಕು ಕಂಡರೆ ಅದನ್ನು ಹೂವಿನ ಗಿಡಕ್ಕೆ ಕೊಡಿ.

ಬಟ್ಟೆಗೆ ಹತ್ತಿದ ಡೆವಲಪರ್ ಕಲೆಗೆ ನನ್ನ ಹತ್ತಿರ ಮದ್ದಿಲ್ಲ. ಹಸಿ ಇರುವಾಗಲೇ ತೊಳೆದರೆ ಉಂಟು, ಒಣಗಿತೋ ಮುಗಿಯಿತು. ಈ ಕಲೆಯ ಕಾಟ ಇಂದಿನದಲ್ಲ. 1856ರಲ್ಲಿ ಬಳ್ಳಾರಿ ದಂಡಿನಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಚಿತ್ರಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ. ಆ ಕಾಗದಕ್ಕೆ ಬೆಳಕು ಕಾಣುವ ಗುಣ ಬರುವುದು ಸಿಲ್ವರ್ ನೈಟ್ರೇಟಿನಿಂದ. ಅದು ಚರ್ಮಕ್ಕೆ ತಾಗಿ ಬಿಸಿಲು ಕಂಡರೆ ಕಪ್ಪಾಗಿ, ಚರ್ಮ ಸುಲಿದ ಮೇಲೆಯೇ ಹೋಗುತ್ತದೆ. ಆ ಸಾಹೇಬನ ಬೆರಳುಗಳೂ ಪರೇಡಿನಲ್ಲಿ ಕರ್ರಗೇ ಇದ್ದಿರಬೇಕು.

ಚೆಲ್ಲುವ ಮುಂಚೆ

ಬಳಸಿದ ನೇರಳೆ ನೀರನ್ನು ಹಾಗೇ ಚರಂಡಿಗೆ ಬಿಡಬೇಡಿ. ಬಳಸಿದ ಎರಡನೇ ನೀರನ್ನು ಅದಕ್ಕೆ ಸ್ವಲ್ಪ ಸ್ವಲ್ಪ ಸೇರಿಸಿ, ಬಯಲಿನಲ್ಲಿ, ಬಣ್ಣ ಪೂರ್ತಿ ಹೋಗುವವರೆಗೆ. ಆಮೇಲೆ ಅಡುಗೆ ಸೋಡಾ ಉದುರಿಸಿ, ನೊರೆ ಏಳುವುದು ನಿಂತ ಮೇಲೆ ಬಕೆಟ್ಟುಗಟ್ಟಲೆ ನೀರಿನ ಜೊತೆ ಬಿಡಿ.

ಹಳೇ ಹೈಪೋ ಮಾತ್ರ ಬೇರೆ ಡಬ್ಬಕ್ಕೆ. ಅದರಲ್ಲಿ ಬೆಳ್ಳಿ ಕರಗಿದೆ, ಮನೆಯ ಸೆಪ್ಟಿಕ್ ಗುಂಡಿಯ ಸೂಕ್ಷ್ಮಜೀವಿಗಳಿಗೆ ಅದು ವಿಷ. ಮಾವನ ಕಾಲದಲ್ಲಿ ಸೈಕಲ್ಲಿನಲ್ಲಿ ಒಬ್ಬ ಬಂದು ಹಳೇ ಹೈಪೋ ಕ್ಯಾನುಗಟ್ಟಲೆ ಕೊಂಡು ಹೋಗುತ್ತಿದ್ದ, ಬೆಳ್ಳಿ ತೆಗೆಯಲು. ಈಗ ಅವನಿಲ್ಲ. ನನ್ನ ಸ್ಟೀಲ್ ಜುಂಗಿಗೆ ಕೊನೆಗೂ ಕೆಲಸ ಸಿಕ್ಕಿದ್ದು ಇಲ್ಲೇ. ಹಳೇ ಹೈಪೋದಲ್ಲಿ ಸಾದಾ ಉಕ್ಕಿನ ನಾರಿನ ಜುಂಗು ಮುಳುಗಿಸಿ ಒಂದೆರಡು ವಾರ ಬಿಟ್ಟರೆ, ಕಬ್ಬಿಣ ಕರಗುತ್ತ ಅದರ ಜಾಗದಲ್ಲಿ ಬೆಳ್ಳಿ ಕೂರುತ್ತದೆ. ತಳದಲ್ಲಿ ಕಪ್ಪು ಕೆಸರು ಇಳಿಯುತ್ತದೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಜುಂಗು ಇದಕ್ಕೆ ಬರುವುದಿಲ್ಲ. ಆ ಕೆಸರನ್ನು ಒಂದು ಜಾಡಿಯಲ್ಲಿ ಕೂಡಿಡುತ್ತಿದ್ದೇನೆ. ಎರಡು ವರ್ಷಕ್ಕೆ ಅರ್ಧ ಜಾಡಿ ಆಗಿದೆ. ಅಕ್ಕಸಾಲಿಗರೊಬ್ಬರಿಗೆ ತೋರಿಸಿದೆ. ಮೂಸಿ ನೋಡಿ, ಮುಖ ಕಿವುಚಿ, "ಜಾಡಿ ತುಂಬಲಿ ತಮ್ಮಾ, ಆಮ್ಯಾಲೆ ಬಾ" ಅಂದರು.